ಸಾಕ್ಷಿ ಕಾಯುವ ಕೆಲಸ

ಗೊರೇಬಾಳದ ಹೊಲಗಳ ಪಕ್ಕದಲ್ಲಿ ದೊಡ್ಡ ಕಾಲುವೆಯ ಏರಿ ಮೇಲೇಳುತ್ತಿದ್ದ ಕಾಲ ಅದು. ನಿಜಾಮನ ಆಡಳಿತ ಹೋಗಿತ್ತು, ಹೈದರಾಬಾದಿನ ಸರಕಾರ ಇನ್ನೂ ಇತ್ತು. ಮಣ್ಣಿನ ಕೆಲಸ ಕೇಳಿ ಬಂದವರನ್ನು ಮೇಸ್ತ್ರಿ ಖಾಜಾಸಾಬ್ "ನಿನ್ನ ಹೆಸರೇನು?" ಎಂದು ಕೇಳುತ್ತಿರಲಿಲ್ಲ. "ನಿನ್ನ ಜೋಡಿ ಯಾರು?" ಎನ್ನುತ್ತಿದ್ದ. ಗಂಡಸು ಗುಂಡಿಯಲ್ಲಿ ನಿಂತು ಅಗೆದು ಮಣ್ಣು ತುಂಬಬೇಕು, ಹೆಂಗಸು ಬುಟ್ಟಿ ಹೊತ್ತು ಏರಿ ಹತ್ತಿ ಸುರಿಯಬೇಕು. ಇಬ್ಬರು ಕೂಡಿದರೆ ಒಂದು ಜೋಡಿ, ಕೂಲಿ ಅದಕ್ಕೆ. ಒಂಟಿ ಗಂಡಸಿಗೂ ಕೆಲಸವಿಲ್ಲ, ಒಂಟಿ ಹೆಂಗಸಿಗೂ ಇಲ್ಲ. ಗಂಡ ಹೆಂಡತಿ ಜಗಳವಾಡಿ ಮಾತು ಬಿಟ್ಟರೂ ಬುಟ್ಟಿ ಬಿಡುವಂತಿರಲಿಲ್ಲ. "ಸಿಟ್ಟು ಗುಡಿಸಲಾಗ ಇಟ್ಟು ಬರ್ರಿ, ಇಲ್ಲಿ ಮಣ್ಣಷ್ಟ ಹಾಕ್ರಿ" ಎಂದು ಖಾಜಾಸಾಬ್ ಹಲ್ಲು ಬಿಡುತ್ತಿದ್ದ.

ಪಾಮನಕಲ್ಲೂರಿನ ಗಾಳೆಪ್ಪ ಮತ್ತು ಪೀರಮ್ಮನದು ಕಣ್ಣು ಕಟ್ಟಿದರೂ ತಪ್ಪದ ಜೋಡಿ. ಅವನು ಗುದ್ದಲಿ ಕೆಳಗಿಡುವ ಹೊತ್ತಿಗೆ ಸರಿಯಾಗಿ ಖಾಲಿ ಬುಟ್ಟಿ ಅಲ್ಲಿ ಬಂದು ಕೂತಿರುತ್ತಿತ್ತು. ತುಂಬಿದ ಬುಟ್ಟಿಯನ್ನು ತಲೆಗೆ ಕೊಡುವಾಗ ಅವನೊಂದು "ಹೂಂ", ಅವಳೊಂದು "ಹೂಂ". ದಿನವಿಡೀ ಅಷ್ಟೇ ಮಾತು. "ರಾತ್ರಿ ಗುಡಿಸಲಾಗೂ ಬರೀ ಹೂಂ ಅಂತೀರೇನೇ ಪೀರಿ?" ಎಂದು ಅತ್ತಿಗೆ ಹುಲಿಗೆಮ್ಮ ಚೇಷ್ಟೆ ಮಾಡಿದರೆ ಪೀರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಏರಿ ಹತ್ತಿಬಿಡುತ್ತಿದ್ದಳು. ಹುಲಿಗೆಮ್ಮ ಅಂಬಪ್ಪನ ಹೆಂಡತಿ. ಅಂಬಪ್ಪ ಪೀರಮ್ಮನ ಒಡಹುಟ್ಟಿದ ಅಣ್ಣ, ಗಾಳೆಪ್ಪನ ಬಾಯಲ್ಲಿ 'ಮಾವ', ಆ ಗುಂಪಿನ ಹಿರಿಯ. ಅವನ ಮಾತಿನ ಮೇಲೆ ನಾಲ್ಕಾರು ಜೋಡಿಗಳು ಊರು ಬಿಟ್ಟು ಇಲ್ಲಿಗೆ ಬಂದು ಗುಡಿಸಲು ಹಾಕಿಕೊಂಡಿದ್ದವು.

ಗಾಳೆಪ್ಪನಿಗೆ ಪೆಟ್ಟಾದದ್ದು ಮುಂಗಾರಿಗೆ ಮೊದಲು. ಮೇಲಿನಿಂದ ಅಗೆಯುತ್ತ ಬಂದರೆ ರಟ್ಟೆ ಸೋಲುತ್ತದೆಂದು ಎಲ್ಲರೂ ಗುಂಡಿಯ ಗೋಡೆಯನ್ನು ಬುಡದಲ್ಲಿ ಕೊರೆಯುತ್ತಿದ್ದರು. ಬುಡ ಟೊಳ್ಳಾದರೆ ಮೇಲಿನದು ತಾನಾಗಿ ಕುಸಿಯುತ್ತದೆ. ಎರೆಮಣ್ಣು ಬೀಳುವ ಮುಂಚೆ ಸಣ್ಣಗೆ ಉಸಿರು ಬಿಟ್ಟ ಹಾಗೆ ಸದ್ದು ಮಾಡುತ್ತದೆ, ಅದು ಕಿವಿಗೆ ಬಿದ್ದ ಕೂಡಲೇ ಹಿಂದಕ್ಕೆ ಹಾರಬೇಕು. ಅವತ್ತು ಪಕ್ಕದ ಗುಂಡಿಯಲ್ಲಿ ಯಾರೋ ನಗೆಮಾತು ಹೇಳಿದರು. ಎಲ್ಲರೂ ನಕ್ಕರು, ಗಾಳೆಪ್ಪನೂ ನಕ್ಕ. ಮಣ್ಣು ಬಂದು ಬಗ್ಗಿದ ಸೊಂಟದ ಮೇಲೆ ಕೂತಿತು.

ಚಕ್ಕಡಿಯಲ್ಲಿ ಹುಲ್ಲು ಹಾಸಿ ಲಿಂಗಸುಗೂರಿನ ದವಾಖಾನೆಗೆ ಒಯ್ದರು. ಮಳೆಗಾಲವೆಲ್ಲ ಮಲಗಿಯೇ ಕಳೆಯಿತು. ದೀಪಾವಳಿಯ ಹೊತ್ತಿಗೆ ಕೋಲು ಊರಿಕೊಂಡು ನಡೆಯಲು ಬಂದ. ನಿಲ್ಲಬಲ್ಲ, ನಡೆಯಬಲ್ಲ, ಕೂತರೂ ಏಳಬಲ್ಲ. ಬಗ್ಗಲಾರ. ಬಗ್ಗಿದರೆ ಸೊಂಟದಿಂದ ಹಿಮ್ಮಡಿಯವರೆಗೆ ಕಾದ ತಂತಿ ಎಳೆದ ಹಾಗಾಗುತ್ತಿತ್ತು. "ಭಾರ ಎತ್ತಬೇಡ, ಹಗುರ ಕೆಲಸ ಮಾಡು" ಎಂದು ಡಾಕ್ಟರು ಹೇಳಿ ಕಳಿಸಿದ್ದರು.

"ಹಗೂರ ಕೆಲಸ ಅಂದ್ರ ಎಂಥಾದ್ದು ಬೇ?" ಎಂದಳು ಹುಲಿಗೆಮ್ಮ. "ನಮ್ಮ ಮಂದ್ಯಾಗ ಹುಟ್ಟಿದವರಿಗಿ ಅದನ್ನ ಇನ್ನೂ ಯಾರೂ ತೋರ್ಸಿಲ್ಲ."

ಅವನು ಮಲಗಿದ್ದಷ್ಟು ದಿನ ಪೀರಮ್ಮನನ್ನು ಉಳಿಸಿಕೊಂಡವನು ಅಂಬಪ್ಪ. ಜೋಡಿ ಮುರಿದ ಹೆಂಗಸನ್ನು ಮೇಸ್ತ್ರಿ ಮನೆಗೆ ಕಳಿಸಬೇಕಿತ್ತು. ಅಂಬಪ್ಪ ಮುಂದೆ ಬಂದು, "ನಾ ಇಬ್ಬರು ಹೆಂಗಸರಿಗಿ ಅಗೀತೀನಿ, ನನ್ನ ಬಾಜೂಕ ಇರ್ಲಿ ಬಿಡ್ರಿ" ಎಂದಿದ್ದ. ವಯಸ್ಸು ಐವತ್ತರ ಹತ್ತಿರ, ಮೇಲೆ ಕೆಮ್ಮು. ಹುಲಿಗೆಮ್ಮನ ಬುಟ್ಟಿ ಹೋಗುತ್ತಿದ್ದ ಹಾಗೆ ಪೀರಮ್ಮನ ಬುಟ್ಟಿ ಬಂದು ಕೂಡುತ್ತಿತ್ತು, ಅವನಿಗೆ ಬೆನ್ನು ನೆಟ್ಟಗೆ ಮಾಡಲೂ ಪುರಸೊತ್ತಿರಲಿಲ್ಲ. ಎರಡು ಬುಟ್ಟಿಯ ನಡುವೆ ಕೆಮ್ಮಿಕೊಳ್ಳುತ್ತಿದ್ದ.

ಗಾಳೆಪ್ಪ ಮರಳಿ ಬಂದ ಮರುದಿನ ಖಾಜಾಸಾಬ್ ಗುಡಿಸಲಿಗೆ ಬಂದ. ಒಳ್ಳೆಯ ಸುದ್ದಿ ತಂದವನ ಮುಖ ಅವನದು.

"ಏ ಗಾಳ್ಯಾ, ನಿನಗೊಂದು ಕೆಲಸ ಹುಡುಕೀನಿ. ಗುತ್ತೇದಾರ ಅಮರಗುಂಡಪ್ಪ ಸಾಹುಕಾರ್ರು ಹೂಂ ಅಂದಾರ. ಬಗ್ಗೋದಿಲ್ಲ, ಎತ್ತೋದಿಲ್ಲ. ಖಾಲಿ ಕುಂದ್ರೋದು, ನೋಡೋದು."

"ಏನು ನೋಡೋದ್ರಿ?"

"ಸಾಕ್ಷಿ."

ಒಲೆಯ ಮುಂದಿದ್ದ ಹುಲಿಗೆಮ್ಮ ಕೈಯೊಳಗಿನ ರೊಟ್ಟಿ ಹಾಗೇ ಹಿಡಿದು ನಕ್ಕುಬಿಟ್ಟಳು. "ಅಯ್ಯ ನಮ್ಮವ್ವನ! ಬೆಕ್ಕಿಗಿ ಹಾಲು ಕಾಯಾಕ ಹಚ್ಚೀರಲ್ರೀ ಮೇಸ್ತ್ರಿ!"

ಅವಳು ನಕ್ಕದ್ದಕ್ಕೆ ಕಾರಣವಿತ್ತು. ಅಗೆಯುವಾಗ ಗುಂಡಿಯ ನಟ್ಟನಡುವೆ ಒಂದಿಷ್ಟು ನೆಲವನ್ನು ಮುಟ್ಟದೆ ಕಂಬದ ಹಾಗೆ ಬಿಡುತ್ತಾರೆ. ಸುತ್ತಲಿನ ಮಣ್ಣೆಲ್ಲ ಹೋದ ಮೇಲೆ, ಮೊದಲು ನೆಲ ಎಲ್ಲಿತ್ತು ಎಂದು ಹೇಳಲು ಅದೊಂದೇ ಉಳಿಯುತ್ತದೆ. ಅದೇ ಸಾಕ್ಷಿ. ಓವರಸಿಯರ್ ಸಾಹೇಬರು ಬಂದು ಅದರ ಎತ್ತರಕ್ಕೆ ಕೋಲು ಹಿಡಿದು, ಎಷ್ಟು ಮಣ್ಣು ಹೋಗಿದೆ ಎಂದು ಅಳೆಯುತ್ತಾರೆ. ಆ ಅಳತೆಯ ಮೇಲೆಯೇ ಗುತ್ತೇದಾರ ಗುಂಪಿಗೆ ಕೂಲಿ ಕೊಡಬೇಕು. ಗುಂಪಿನವರು ಅದರ ನೆತ್ತಿಯ ಹುಲ್ಲಿನ ಹೆಂಟೆಯನ್ನು ಮೆಲ್ಲಗೆ ಎಬ್ಬಿಸಿ, ಕೆಳಗೆ ನಾಲ್ಕು ಬೆರಳು ಮಣ್ಣು ತುಂಬಿ, ಹುಲ್ಲನ್ನು ಮತ್ತೆ ಕೂರಿಸಿಬಿಟ್ಟರೆ ಗುಂಡಿ ಅಷ್ಟು ಆಳವಾದಂತೆ. ಹುಲ್ಲು ಬಾಡದಿರಲು ಒಂದಿಷ್ಟು ನೀರು ಚಿಮುಕಿಸಬೇಕು. ಇದಕ್ಕೆ ಅವರೊಳಗಿನ ಹೆಸರು 'ಟೊಪ್ಪಿಗಿ ಹಾಕೋದು'. ಎಲ್ಲ ಗುಂಪುಗಳೂ ಹಾಕುತ್ತಿದ್ದವು, ಮೇಸ್ತ್ರಿಗಳು ಕಂಡೂ ಕಾಣದ ಹಾಗಿದ್ದರು. ಅಳತೆಯ ಕೋಲೂ ಅಳೆಯುವವರ ಕಡೆಗೇ ವಾಲುತ್ತದೆಂದು ಅವರಿಗೂ ಗೊತ್ತಿತ್ತು.

ಆ ಕೆಲಸದಲ್ಲಿ ಗಾಳೆಪ್ಪನ ಕೈ ಹಿಡಿಯುವವರಿರಲಿಲ್ಲ. ಅವನು ಹಾಕಿದ ಟೊಪ್ಪಿಗೆಯ ಮೇಲೆ ಇರುವೆಗಳು ಹಳೆಯ ದಾರಿಯಲ್ಲೇ ಹರಿದು ಹೋಗುತ್ತವೆ ಎಂದು ಜನ ಹೇಳುತ್ತಿದ್ದರು. ಅಂಬಪ್ಪನಿಗೂ ಕಲಿಸಿದವನು ಅವನೇ.

"ಅದಕ್ಕs ಸಾಹುಕಾರ್ರು ನಿನ್ನ ಕೇಳ್ಯಾರ" ಎಂದ ಖಾಜಾಸಾಬ್, ಈಗ ದನಿ ತಗ್ಗಿಸಿ. "ಕಳ್ಳನ ಹೆಜ್ಜಿ ಕಳ್ಳಗs ಕಾಣತಾವ ಅಂದ್ರು. ನಾ ಏನು ಮಾಡ್ಲಿ? ಬ್ಯಾರೆ ಹಗೂರ ಕೆಲಸ ಇಲ್ಲ."

"ಒಲ್ಲೆ ಅಂದ್ರ?"

"ಒಲ್ಲೆ ಅಂದ್ರ ಗುಡಿಸಲ ಖಾಲಿ. ಕೆಲಸ ಇಲ್ಲದ ಗಂಡಸು ಇಲ್ಲಿ ಇರಬಾರದು ಅಂತ ಹುಕುಂ ಆಗೇತಿ. ನೀ ಹೋದ್ರ ಪೀರಮ್ಮನೂ ಹೋಗ್ಬೇಕು."

ಗಾಳೆಪ್ಪ ಅಂಬಪ್ಪನ ಮುಖ ನೋಡಿದ. ಅಂಬಪ್ಪ ಬೀಡಿಯ ಬೂದಿ ಕೊಡವಿ, "ತಗೋ ಅಳಿಯಾ" ಎಂದ. "ಸಂಕ್ರಾಂತಿ ತನಕ ಕುಂದ್ರು. ಅಲ್ಲೀ ಮಟ ಪೀರಿ ನನ್ನ ಬಾಜೂಕ ಇರತಾಳ. ಸೊಂಟ ನೆಟ್ಟಗಾತು ಅಂದ್ರ ನಿನ್ನ ಜೋಡಿ ನಿನಗ. ಕುಂತು ಉಣ್ಣೋ ನಸೀಬು ಎಲ್ಲಾರಿಗೂ ಬರತೈತೇನಲೇ?"

ಹೀಗೆ ಗಾಳೆಪ್ಪ ಕೆಲಸಕ್ಕೆ ಮರಳಿದ. ಗುಂಡಿಯ ಅಂಚಿನಲ್ಲೊಂದು ಕಲ್ಲು, ಅದರ ಮೇಲೆ ಮಡಚಿದ ಗೋಣಿಚೀಲ, ಅವನು. ಮೊದಮೊದಲು ಎಲ್ಲರಿಗೂ ಅದೊಂದು ಮೋಜು. "ಸಾಹೇಬರು ಚಹಾ ಕುಡೀತೀರೇನ್ರಿ?" ಎಂದು ಕೆಳಗಿನಿಂದ ಕೂಗುವರು. "ಲೇ, ಬಿಸಲಾಗ ಕುಂತು ಕುಂತು ನಿನ್ನ ನೆತ್ತಿ ಮ್ಯಾಲೂ ಹುಲ್ಲು ಬೆಳದಾವು, ನೀರು ಹಾಕಲ್ಯಾ?" ಎನ್ನುವರು. ಅವನೂ ನಗುವನು. ಆದರೆ ಪೀರಮ್ಮ ಬುಟ್ಟಿ ತಂದು ಇಟ್ಟಾಗ, ಅಂಬಪ್ಪ ಅದನ್ನು ಎತ್ತಿ ಅವಳ ತಲೆಗೆ ಕೊಡುವಾಗ, ಗಾಳೆಪ್ಪನ ಗಂಟಲಿನಿಂದ ತಾನಾಗಿ "ಹೂಂ" ಹೊರಟುಬಿಡುತ್ತಿತ್ತು. ಮೇಲೆ ಕೂತವನ "ಹೂಂ" ಯಾರಿಗೂ ಕೇಳುತ್ತಿರಲಿಲ್ಲ.

ನಗೆಮಾತು ಬರಬರುತ್ತ ತೆಳುವಾಯಿತು. ಯಾರೂ ಸಿಟ್ಟಾಗಲಿಲ್ಲ, ಯಾರೂ ಬೈಯಲಿಲ್ಲ. ಮಾತಾಡುತ್ತಿದ್ದವರು ಅವನು ತಿರುಗಿದ ಕೂಡಲೇ ಮಳೆಯ ವಿಷಯಕ್ಕೆ ಬಂದುಬಿಡುತ್ತಿದ್ದರು, ಅಷ್ಟೇ. ಮಧ್ಯಾಹ್ನ ಎಲ್ಲರೂ ಜಾಲಿಗಿಡದ ನೆರಳಿಗೆ ಹೋಗಿ ರೊಟ್ಟಿ ಬಿಚ್ಚುವರು. ಕಾವಲಿನವನು ಜಾಗ ಬಿಡಬಾರದೆಂದು ಅಮರಗುಂಡಪ್ಪ ಹೇಳಿದ್ದ. ಪೀರಮ್ಮ ರೊಟ್ಟಿ, ಪುಂಡಿಪಲ್ಯ ತಂದು ಅವನ ಕೈಗಿಟ್ಟು ಮತ್ತೆ ಗಿಡದ ಕೆಳಗೆ ಓಡುವಳು. ಅವಳು ತನ್ನ ಹತ್ತಿರ ಕೂತು ತಿಂದರೆ ಗುಂಪಿನವರು ಏನಂದುಕೊಂಡಾರು ಎಂದು ಅವನೇ, "ನೀ ಹೋಗು, ಅವರ ಜೋಡಿ ಉಣ್ಣು" ಎನ್ನುತ್ತಿದ್ದ. ಅವಳು ಒಂದು ಗಳಿಗೆ ನಿಂತು ಹೋಗುವಳು.

ಅಳತೆಗೆ ಸಾಹೇಬರು ಬರುವ ಮುಂಜಾನೆ ಗಾಳೆಪ್ಪ ಅಂಬಪ್ಪನ ಸಾಕ್ಷಿಯನ್ನು ನೋಡಿದ. ನೋಡಬಾರದೆಂದೇ ಇದ್ದ, ಆದರೂ ಕಣ್ಣು ಹೋಯಿತು. ನೆತ್ತಿಯ ಹುಲ್ಲಿನ ಸುತ್ತ ಕೂದಲೆಳೆಯಷ್ಟು ಬಿರುಕು. ಅದರ ಬುಡದಲ್ಲಿ ಒಂದಿಷ್ಟು ತೇವ. ಸುತ್ತಲಿನ ನೆಲವೆಲ್ಲ ಒಣಗಿ ಬೂದಿಯಾಗಿದೆ, ಅಲ್ಲೊಂದು ಕಡೆ ಮಾತ್ರ ಮಣ್ಣು ಕಪ್ಪಗಿದೆ. ಹೆಂಟೆ ಎಬ್ಬಿಸಿದ ಬಿರುಕು, ಹುಲ್ಲು ಬದುಕಲೆಂದು ಚಿಮುಕಿಸಿದ ನೀರು. ಟೊಪ್ಪಿಗೆ ಹಾಕಿದ್ದಾರೆ.

ಹೇಳಿದರೆ ಅಂಬಪ್ಪನ ಹೊಟ್ಟೆಗೆ ಹೊಡೆದಂತೆ. ನಾಳೆಯಿಂದ ಪೀರಮ್ಮನ ಬುಟ್ಟಿಗೆ ಮಣ್ಣು ಹಾಕುವವರು ಯಾರು? ಹೇಳದಿದ್ದರೆ ಅಮರಗುಂಡಪ್ಪ ಸುಮ್ಮನಿರುವವನಲ್ಲ. ಈ ಸಲ ತಾನೇ ಮುಂದೆ ನಿಂತು ನೋಡುತ್ತೇನೆ ಎಂದಿದ್ದ. ಸಿಕ್ಕಿಬಿದ್ದರೆ ಗುಂಪೂ ಹೋಯಿತು, ಕಾವಲೂ ಹೋಯಿತು. ಕೇಳಿಬಿಡೋಣವೆಂದರೆ ಹೇಗೆ ಕೇಳುವುದು? ಮೊದಲಾದರೆ, "ಮಾವ, ಸಂದು ಕಾಣಾಕತ್ತೈತಿ, ಸರಿ ಮಾಡು" ಎಂದು ಗುಂಡಿಗೆ ಇಳಿದು ಹೇಳಬಹುದಿತ್ತು. ಈಗ ಈ ಕಲ್ಲಿನ ಮೇಲೆ ಕೂತು ಕೇಳಿದರೆ ಅದು ಅಳಿಯ ಕೇಳಿದ ಮಾತಾಗುವುದಿಲ್ಲ. ಕಾವಲಿನವನು ಕೇಳಿದ ಮಾತಾಗುತ್ತದೆ.

ಮಧ್ಯಾಹ್ನ ಎಲ್ಲರೂ ಉಂಡು ಗಿಡದ ಕೆಳಗೆ ಅಡ್ಡಾದರು. ಗಾಳೆಪ್ಪ ಕೋಲು ಊರಿ ಗುಂಡಿಗೆ ಇಳಿದ. ಸಾಕ್ಷಿಯ ನೆತ್ತಿ ಅವನ ಎದೆಯ ಮಟ್ಟಕ್ಕಿತ್ತು, ಬಗ್ಗುವ ಅಗತ್ಯವಿರಲಿಲ್ಲ. ಯಾರದೋ ಕಳೆ ಕೀಳುವ ಕುರ್ಪಿ ತಗೊಂಡು ಹುಲ್ಲಿನ ಹೆಂಟೆಯನ್ನು ತಟ್ಟೆ ಎತ್ತಿದ ಹಾಗೆ ಎತ್ತಿ ಪಕ್ಕಕ್ಕಿಟ್ಟ. ಕೆಳಗಿನ ನಾಲ್ಕು ಬೆರಳು ಮಣ್ಣನ್ನು ಕೆರೆದ. ಗಟ್ಟಿಯಾಗಿತ್ತು. ಕುರ್ಪಿಗೆ ಬೇರಿನ ಎಳೆಗಳು ಸಿಕ್ಕವು. 'ಎಷ್ಟು ಚೊಲೋ ಬಡದು ಕುಂದ್ರಿಸ್ಯಾನ, ಬೇರು ಸೈತ ಕಲಿಸ್ಯಾನ' ಎಂದು ಅವನು ಮನಸ್ಸಿನಲ್ಲೇ ಮೆಚ್ಚಿಕೊಂಡ. ಕಲಿಸಿದವನಿಗೆ ಒಂದು ಹೆಮ್ಮೆ ಇರುತ್ತದಲ್ಲ, ಆ ಹೆಮ್ಮೆ. ಹೆಂಟೆಯನ್ನು ಮತ್ತೆ ಕೂರಿಸಿ, ಸಂದನ್ನು ಬೆರಳಿನಿಂದ ಒತ್ತಿ, ಕೆರೆದ ಮಣ್ಣನ್ನು ಅಗೆದ ಮಣ್ಣಿನ ಗುಪ್ಪೆಯ ಮೇಲೆ ಉದುರಿಸಿ ಮೇಲೆ ಬಂದ. ಯಾರೂ ಸಿಕ್ಕಿಬೀಳುವುದಿಲ್ಲ, ಯಾರ ಹೆಸರೂ ಹೇಳಬೇಕಾಗಿಲ್ಲ. ಬಹಳ ದಿನದ ಮೇಲೆ ಒಂದು ಕೆಲಸ ಮಾಡಿದ ಹಾಗೆನಿಸಿತು. ಊಟ ಮುಗಿದ ಮೇಲೆ ಮೊದಲ ಬುಟ್ಟಿಗೆ ಅದೇ ಗುಪ್ಪೆಯ ಮಣ್ಣು ಬಿತ್ತು. ಹೊತ್ತು ಏರಿಗೆ ಸುರಿದವಳು ಪೀರಮ್ಮ.

ಹೊತ್ತು ಇಳಿಯುವಾಗ ಓವರಸಿಯರ್ ಸಾಹೇಬರು ಬಂದರು, ಜೊತೆಗೆ ಗುತ್ತೇದಾರ ಅಮರಗುಂಡಪ್ಪ. ಸಾಕ್ಷಿಗೆ ಕೋಲು ಹಿಡಿದರು.

"ಇಷ್ಟೇ ಏನಪ್ಪಾ ಅಂಬಪ್ಪ? ಇಷ್ಟು ದಿನ ನಿದ್ದೆ ಮಾಡಿದಿರಾ?"

ಅಂಬಪ್ಪ ಕೋಲನ್ನು ನೋಡಿದ. "ಸಾಹೇಬರ, ಇನ್ನೊಮ್ಮಿ ಹಿಡೀರಿ. ಕೋಲು ವಾರಿಯಾಗಿ ಸೊಟ್ಟ ನಿಂತಿರಬೇಕು."

ಇನ್ನೊಮ್ಮೆ ಹಿಡಿದರು. ಅಷ್ಟೇ.

"ಆಗೋದಿಲ್ರೀ" ಎಂದ ಅಂಬಪ್ಪ. ಸಿಟ್ಟಿನಿಂದಲ್ಲ, ಅರ್ಥವಾಗದವನ ಹಾಗೆ. "ನಾವು ಹೊತ್ತೀವಲ್ರೀ. ಇದರೊಳಗಿನ ಮಣ್ಣು ನಮ್ಮ ತಲಿ ಮ್ಯಾಲ ಹೋಗೇತಲ್ರೀ."

ಸಿಕ್ಕಿಬಿದ್ದವನು ಮೊದಲು ಹಿಂದೆ ತಿರುಗಿ, ತೋರಿಸಿಕೊಟ್ಟವನು ಯಾರೆಂದು ಹುಡುಕುತ್ತಾನೆ. ಅಂಬಪ್ಪ ಹಾಗೆ ಯಾರನ್ನೂ ನೋಡಲಿಲ್ಲ. ಗುಂಡಿಯನ್ನೇ ನೋಡುತ್ತಿದ್ದ, ಜಾತ್ರೆಯಲ್ಲಿ ಕೈಬಿಟ್ಟುಹೋದ ಮಗುವನ್ನು ಹುಡುಕುವವನಂತೆ. ಅದನ್ನು ಕಂಡ ಗಳಿಗೆಯಲ್ಲಿ ಗಾಳೆಪ್ಪನ ಬೆರಳಿಗೆ ಆ ಬೇರಿನ ಎಳೆಗಳು ನೆನಪಾದವು. ಬಡಿದು ಕೂರಿಸಿದ ಮಣ್ಣಿನಲ್ಲಿ ಬೇರು ಇರುವುದಿಲ್ಲ. ಅದು ಹುಟ್ಟುನೆಲ. ಈ ಸಲ ಟೊಪ್ಪಿಗೆಯೇ ಇರಲಿಲ್ಲ.

ಅವನು ಕಲ್ಲಿನಿಂದೆದ್ದ. ಕೋಲನ್ನೂ ಮರೆತು ಗುಂಡಿಯ ಅಂಚಿಗೆ ಬಂದ.

"ಸಾಹೇಬರ, ಅವರ ತಪ್ಪಲ್ರೀ. ಮಧ್ಯಾಹ್ನ ನಾನು ಸಾಕ್ಷಿ ಕಡಿದೀನ್ರಿ. ನಾಕು ಬಟ್ಟು. ಟೊಪ್ಪಿಗಿ ಹಾಕ್ಯಾರ ಅಂತ ತಿಳಕೊಂಡು ಕಡಿದ್ನಿ. ಹಾಕಿರಲಿಲ್ರೀ. ಅದು ಖರೇ ನೆಲ ಇತ್ರಿ."

ಅಮರಗುಂಡಪ್ಪನೇ ಮೊದಲು ನಕ್ಕದ್ದು.

"ಭಪ್ಪರೇ! ಖಾಜಾ, ನಾ ಏನು ಹೇಳಿದ್ದೆ? ಕಾವಲಿನವನು ಕಡಿದಾನ ಅಂದ್ರ ಕಡಿಯೋವಂಥಾದ್ದು ಏನೋ ಇತ್ತು."

"ಇರಲಿಲ್ರೀ ಸಾಹುಕಾರ್ರ. ಬಸವಣ್ಣನ ಆಣಿ, ಇರಲಿಲ್ರೀ."

"ಇರಲಾರದ್ದನ್ನ ಕಡಿಯಾಕ ನಿನಗೇನು ಹುಚ್ಚು ಹಿಡಿದಿತ್ತೇನು? ಕಣ್ಣಿಗಿ ಕಂಡೇತಿ, ಕಡಿದೀ. ಚೊಲೋ ಮಾಡೀ. ಈಗ ಹೆಂಡ್ತಿ ಅಣ್ಣನ ಮಾರಿ ನೋಡಿ ಮಾತು ತಿರುವಾಕತ್ತೀ. ಕಡಿದ ಮಣ್ಣು ಎಲ್ಲೈತಿ, ತೋರ್ಸು?"

ಗಾಳೆಪ್ಪ ಏರಿಯ ಕಡೆ ನೋಡಿದ. ಏರಿಯ ತುಂಬ ಮಣ್ಣು. ಪೀರಮ್ಮ ಅಲ್ಲಿಯೇ ಖಾಲಿ ಬುಟ್ಟಿ ಹಿಡಿದು ನಿಂತಿದ್ದಳು.

ಓವರಸಿಯರ್ ಸಾಹೇಬರು ಕೆಟ್ಟ ಮನುಷ್ಯರೇನಲ್ಲ. ಹೊಸದಾಗಿ ಬಂದವರು, ಮೋಸ ಹೋಗಬಾರದೆಂಬ ಅಂಜಿಕೆ ಅವರಿಗೆ. ಅವರು ಈ ಗುಂಡಿಯ ಅಳತೆ ಹೀಗೇ ಇರಲಿ ಎಂದರು. ಕಾವಲಿದ್ದ ಗುಂಡಿಯಲ್ಲೇ ಹೀಗಾದರೆ ಕಾವಲಿಲ್ಲದ ಕಡೆ ಹೇಗೋ ಏನೋ, ಉಳಿದ ಗುಂಪುಗಳ ಸಾಕ್ಷಿಯಲ್ಲೂ ನಾಲ್ಕು ಬೆರಳು ಕಳೆದು ಹಿಡಿಯಿರಿ ಎಂದೂ ಹೇಳಿ ಮುಂದೆ ನಡೆದರು. ಗಾಳೆಪ್ಪ ಬಾಯಿ ತೆರೆದದ್ದರಿಂದ ಅಂಬಪ್ಪನಿಗೆ ಏನೂ ಮರಳಲಿಲ್ಲ. ಏರಿಯುದ್ದಕ್ಕೂ ಇದ್ದ ಅಷ್ಟೂ ಗುಂಪುಗಳ ಬೆವರಿನಲ್ಲಿ ನಾಲ್ಕು ಬೆರಳು ಹೋಯಿತು.

ಸಂಜೆ ಗುಡಿಸಲುಗಳ ಮುಂದೆ ಮಂದಿ ಸೇರಿದರು. ಬೇರೆ ಗುಂಪಿನವರು ಬಂದು ಅಂಬಪ್ಪನ ಮುಂದೆ ನಿಂತು ಬಾಯಿಗೆ ಬಂದಂತೆ ಅಂದರು. "ನಿನ್ನ ಅಳಿಯ ಸಾಹುಕಾರನ ಎಂಜಲ ತಿನ್ನಾಕ ನಮ್ಮ ಮಕ್ಕಳ ತುತ್ತು ಕಸಗೊಂಡ" ಎಂದರು. ಅಂಬಪ್ಪ ಎಲ್ಲ ಕೇಳಿಸಿಕೊಂಡ. ಅವರು ಹೋದ ಮೇಲೆ ಗಾಳೆಪ್ಪನ ಕಡೆ ತಿರುಗಿದ.

"ಈ ಸಲ ನಾವು ಮುಟ್ಟಿರಲಿಲ್ಲಪಾ. ನೀ ಕುಂತೀ ಅಂತ. ನಿನ್ನ ಬಾಯಾಗ ಸುಳ್ಳು ಬರಬಾರದು ಅಂತ ಎಲ್ಲಾರಿಗೂ ನಾನs ಹೇಳಿದ್ದೆ."

"ಬಿರುಕು ಇತ್ತು ಮಾವ. ಹಸೀನೂ ಇತ್ತು."

"ಎರಿಮಣ್ಣು ಒಣಗಿದ್ರ ಬಿರಿಯಂಗಿಲ್ಲೇನೋ?"

"ನೀರು ಹಾಕಿದಾಕಿ ನಾನು" ಎಂದಳು ಹುಲಿಗೆಮ್ಮ. "ಮುಂಜಾನಿ ಗಡಿಗಿ ತೊಳದ ನೀರು. ಅಲ್ಲೊಂದು ಹೂ ಬಿಟ್ಟಿತ್ತು, ಬಾಡಾಕತ್ತಿತ್ತು, ಹಾಕಿದ್ನಿ. ನನ್ನ ಕೈ ಸೇದಿ ಹೋಗ್ಲಿ."

"ಒಂದು ಮಾತು ಹೇಳಬಾರದಿತ್ತಾ ಮಾವ, ಹಾಕಿಲ್ಲ ಅಂತ?"

"ಏನಂತ ಹೇಳ್ಲಿ? ನಿನ್ನ ಸಲುವಾಗಿ ಬಿಟ್ಟೀವಿ, ನಮ್ಮ ಉಪಕಾರ ನೆನಸು ಅಂತನಾ? ನೀ ಕೇಳಬಾರದಿತ್ತಾ?"

ಹುಲಿಗೆಮ್ಮ ಇಬ್ಬರನ್ನೂ ನೋಡಿದಳು. "ಇಬ್ಬರೂ ದೊಡ್ಡ ಮನಸಿನವರು" ಎಂದಳು. "ನಿಮ್ಮ ದೊಡ್ಡ ಮನಸಿಗಿ ಬೆಂಕಿ ಹಾಕ." ಅಂದು ಸೆರಗಿನಿಂದ ಮೂಗು ಒರೆಸಿಕೊಂಡಳು.

ಅಂಬಪ್ಪನ ಗುಂಪಿಗೆ ಇನ್ನು ಅಲ್ಲಿ ನಿಲ್ಲಲಾಗಲಿಲ್ಲ. ಬೇರೆ ಗುಂಪಿನವರು ಬಾವಿಯ ಹತ್ತಿರ ಹೆಂಗಸರನ್ನು ತಡೆದು ಹಂಗಿಸತೊಡಗಿದ್ದರು. ಮಸ್ಕಿಯ ಕಡೆ ರಸ್ತೆಗೆ ಜಲ್ಲಿ ಒಡೆಯುವ ಕೆಲಸವಿದೆ ಎಂದು ತಿಳಿದು ಅಲ್ಲಿಗೆ ಹೊರಡುವುದೆಂದಾಯಿತು. ಗಾಳೆಪ್ಪ ಅದನ್ನು ಕೇಳಿ ಅಂಬಪ್ಪನ ಬಳಿಗೆ ಬಂದ. ಮುಖದಲ್ಲಿ ಒಂದಿಷ್ಟು ಜೀವ ಬಂದಿತ್ತು.

"ಮಾವ, ಜಲ್ಲಿ ಅಂದ್ರ ಕುಂತು ಒಡಿಯೋದಲ್ಲಾ? ಸಣ್ಣ ಸುತ್ತಿಗಿ. ಅಷ್ಟು ನನಗ ಆಗತೈತಿ. ಸೊಂಟಕ್ಕೊಂದು ಅರಿವಿ ಬಿಗಿದು ಕುಂತ್ರ ಆಗತೈತಿ ಮಾವ."

ಅಂಬಪ್ಪ ಬಹಳ ಹೊತ್ತು ಕೆಮ್ಮಿದ. ಆಮೇಲೆ, "ನೀ ಕುಂದರತೀಯಪಾ" ಎಂದ. "ನಿನ್ನ ಬಾಜೂಕ ಯಾರು ಕುಂದರತಾರ, ಹೇಳು."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಗಾಳೆಪ್ಪ ಕಾಲು ಹಿಡಿಯುತ್ತಿದ್ದ.

ಪೀರಮ್ಮ ಮೊದಲು ಹೋಗುವುದಿಲ್ಲವೆಂದಳು. ಖಾಜಾಸಾಬ್ ಪಾಪ, ಏರಿಯುದ್ದಕ್ಕೂ ತಿರುಗಿ ಅವಳನ್ನು ಕರೆದುಕೊಳ್ಳಿರೆಂದು ಎಲ್ಲ ಗುಂಪಿನವರನ್ನೂ ಕೇಳಿ ಬಂದ. ಸಾಕ್ಷಿ ಕಾಯುವವನ ಹೆಂಡತಿಯ ತಲೆಗೆ ಬುಟ್ಟಿ ಕೊಡಲು ಯಾವ ಗಂಡಸೂ ಒಪ್ಪಲಿಲ್ಲ.

"ನೀನೂ ಬಿಟ್ಟು ಬಾ" ಎಂದಳು ಪೀರಮ್ಮ. "ಊರಿಗಿ ಹೋಗೋಣು."

"ಊರಾಗ ಏನೈತಿ? ಅಲ್ಲೂ ಬಗ್ಗಬೇಕಲ್ಲ. ನೀ ಅಣ್ಣನ ಜೋಡಿ ಹೋಗು. ನನಗ ಆರಾಮಾದ ಮ್ಯಾಲ ಬರ್ತೀನಿ."

"ಆರಾಮಾಗತೈತಂತ ಡಾಕ್ಟರು ಹೇಳ್ಯಾರಾ?"

"ಇಲ್ಲ."

ಅವಳು ಅವನ ರೊಟ್ಟಿಯ ಗಂಟಿಗೆ ಶೇಂಗಾ ಹಿಂಡಿ ಕಟ್ಟಿಟ್ಟಳು. ಕೊನೆಯಲ್ಲಿ ಒಂದೇ ಮಾತು ಕೇಳಿದಳು: "ಆ ಮಣ್ಣು ನಾನs ಹೊತ್ತೊಯ್ದೆನಲ್ಲಾ, ಹೌದಿಲ್ಲೋ?" ಅವನು ಹೌದು ಎನ್ನಲಿಲ್ಲ. ಅವಳು ತಲೆ ಆಡಿಸಿ, ಅಣ್ಣನ ಚಕ್ಕಡಿಯ ಹಿಂದೆ ನಡೆದಳು. ಗಾಳೆಪ್ಪ ಮಸ್ಕಿ ಹಾದಿಯ ತಿರುವಿನವರೆಗೂ ಹೋಗಲಾರದೆ ನಡುದಾರಿಯಲ್ಲೇ ನಿಂತುಬಿಟ್ಟ.

ಅಮರಗುಂಡಪ್ಪ ಅವನ ಮೇಲೆ ಖುಷಿಯಾಗಿದ್ದ. ಕಾವಲಿನ ಕೆಲಸ ಇನ್ನು ಸಂಕ್ರಾಂತಿಯವರೆಗಲ್ಲ, ಏರಿ ಮುಗಿಯುವವರೆಗೂ ಇರಲಿ ಎಂದ. ಸಿಂಧನೂರಿನ ದಿಕ್ಕಿಗೆ ಹೊಸದಾಗಿ ತೆಲುಗು ಮಾತಾಡುವ ಗುಂಪು ಬಂದು ಕೆಲಸ ಹಿಡಿದಿತ್ತು. ಖಾಜಾಸಾಬ್ ಅವನನ್ನು ಅಲ್ಲಿಗೆ ಕರೆದೊಯ್ದು, ಮುಖ ನೋಡದೆ, "ಇಲ್ಲಿ ಕುಂದ್ರು. ನೆಳ್ಳು ಐತಿ" ಎಂದು ಹೇಳಿ ಹೋದ.

ಹೊಸಬರಿಗೆ ಅವನ ಸುದ್ದಿ ಆಗಲೇ ಮುಟ್ಟಿತ್ತು. ಅವನು ಕೂತ ಕೂಡಲೇ ಗುಂಡಿಯೊಳಗಿನ ಮಾತು ನಿಂತಿತು. ಬರೀ ಗುದ್ದಲಿಯ ಸದ್ದು, ಹೆಂಗಸರ ಕಾಲಿನ ಸದ್ದು. ಬಿಸಿಲೇರಿತು. ಒಬ್ಬ ಮುದುಕಿ, ಬುಟ್ಟಿ ಹೊರುವ ವಯಸ್ಸು ಎಂದೋ ದಾಟಿದವಳು, ತುಂಬಿದ ಬುಟ್ಟಿಯೊಂದಿಗೆ ಗುಂಡಿಯಿಂದ ಮೇಲೆ ಬರುವಾಗ ಅಂಚಿನಲ್ಲಿ ಕಾಲು ಜಾರಿ ತೂರಾಡಿದಳು. ಗಾಳೆಪ್ಪ ಯೋಚಿಸಲಿಲ್ಲ. ಎದ್ದು ಎರಡು ಕೈಯನ್ನೂ ಅವಳ ಬುಟ್ಟಿಯ ಕಡೆ ಚಾಚಿದ. ಬಾಯಿಂದ "ಹೂಂ" ಎಂಬ ಸದ್ದೂ ಬಂತು.

ಮುದುಕಿ ಬೆಚ್ಚಿ ಹಿಂದೆ ಸರಿದಳು. ಗದರಿಸಿದನೆಂದೇ ಅವಳಿಗೆ ತಿಳಿಯಿತು. ಅವಸರದಲ್ಲಿ ಬುಟ್ಟಿಯನ್ನು ತಲೆಯಿಂದಿಳಿಸಿ ಅವನ ಕಾಲ ಮುಂದೆ ಬೋರಲು ಹಾಕಿದಳು. ಮಣ್ಣೆಲ್ಲ ಅವನ ಪಾದದ ಮೇಲೆ ಹರಡಿತು.

"ಬರೀ ಮಣ್ಣಯ್ಯಾ, ನೋಡು" ಎಂದಳು ತನಗೆ ಬಂದಷ್ಟು ಕನ್ನಡದಲ್ಲಿ, ಖಾಲಿ ಬುಟ್ಟಿಯನ್ನು ಬಡಿದು ತೋರಿಸುತ್ತ. "ಏನಿಲ್ಲ. ಬರೀ ಮಣ್ಣು."

ಕೆಳಗೆ ಗುದ್ದಲಿಗಳು ನಿಂತಿದ್ದವು. ಎಲ್ಲರೂ ಮೇಲೆ ನೋಡುತ್ತಿದ್ದರು. ಗಾಳೆಪ್ಪ ಆ ಮಣ್ಣನ್ನು ನೋಡಿದ. ತುಂಬಿಕೊಡೋಣವೆಂದು ಅರ್ಧ ಬಗ್ಗಿದ, ಅಲ್ಲಿಗೇ ಕಣ್ಣು ಕತ್ತಲಿಟ್ಟು ಕೋಲನ್ನು ಹಿಡಿದು ನಿಂತ. ಮುದುಕಿ ಅವನ ಕಾಲ ಬಳಿ ಕೂತು ಮಣ್ಣನ್ನು ಹಿಡಿಹಿಡಿಯಾಗಿ ಮತ್ತೆ ಬುಟ್ಟಿಗೆ ತುಂಬತೊಡಗಿದಳು. ಅವನ ಕಾಲ್ಬೆರಳುಗಳ ಸಂದಿನಲ್ಲಿದ್ದದ್ದನ್ನೂ ಬಿಡದೆ ಬಳಿದುಕೊಂಡಳು, ತಪ್ಪು ಮಾಡಿದವರು ಬಳಿಯುವ ಹಾಗೆ.